ಸೂರ್ಯನ ಒಲೆಗೆ ಉರುವಲು ಯಾವುದು?

ಮಂಡ್ಯದ ಸುತ್ತಮುತ್ತಣ ಹಳ್ಳಿಗಳಲ್ಲಿ ಕಬ್ಬು ಅರೆಯುವ ಕಾಲದಲ್ಲಿ, ಚಳಿಯ ಇರುಳುಗಳಂದು ಆಲೆಮನೆಗೆ ಹೋಗಿ ಕುಳಿತುಕೊಳ್ಳುವುದು ನನಗೆ ಹುಡುಗತನದಿಂದ ಬಂದ ಅಭ್ಯಾಸ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿರುತ್ತದೆ. ಕೆಳಗೆ, ಒಲೆಯ ಬಾಯಿಯ ಬಳಿ ಒಬ್ಬಾತ ಕುಳಿತು ಒಣಗಿದ ಕಬ್ಬಿನ ಸಿಪ್ಪೆಯನ್ನು ಬಿಡದೆ ಉಣಿಸುತ್ತಿರುತ್ತಾನೆ. ಅವನು ಸ್ವಲ್ಪ ಹೊತ್ತು ಕೈ ತಡೆದರೂ ಸಾಕು, ಹಾಲಿನ ಕುದಿತ ತಗ್ಗಿಬಿಡುತ್ತದೆ. ಕೆಲವು ವರ್ಷಗಳ ಹಿಂದೆ ಇಂಥ ಒಂದು ಇರುಳು ಕಳೆದು ಪೂರ್ವದಿಕ್ಕು ಕೆಂಪೇರುತ್ತಿದ್ದಾಗ, ಒಲೆ ಕಾಯುತ್ತಿದ್ದ ಮುದುಕ ನನ್ನ ಕಡೆ ತಿರುಗಿ ಕೇಳಿದ: “ಮೇಷ್ಟ್ರೇ, ಈ ಒಲೆಗೆ ನಾನು ಉರಿ ಹಾಕ್ತೀನಿ, ಸರಿ. ಆ ಸೂರ್ಯಪ್ಪಂಗೆ ಯಾರು ಹಾಕ್ತಾರೆ?”

ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಪಾಠ ಹೇಳುವ ನನಗೆ ತರಗತಿಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುಗಾಲದಿಂದ 1939ರವರೆಗೆ, ಸುಮಾರು ತೊಂಬತ್ತು ವರ್ಷ, ಯೂರೋಪಿನ ಮಹಾಮಹಾ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆಯೂ ಇದೇ. ಅವರು ನಡೆದ ದಾರಿಯನ್ನು ಹಿಂಬಾಲಿಸಲು ಹೈಸ್ಕೂಲಿನ ಗಣಿತ ಸಾಕು. ಬೇಕಾದ ಸಮೀಕರಣಗಳು ನಾಲ್ಕೈದು. ಅವುಗಳಲ್ಲಿ ಮೊದಲನೆಯದಂತೂ ಪ್ರತಿಯೊಬ್ಬ ಒಕ್ಕಲಿಗನಿಗೂ ಗೊತ್ತಿರುವಂಥದು. ಕಣಜದಲ್ಲಿ 12 ಪಲ್ಲ ರಾಗಿಯಿದ್ದು, ಮನೆಯಲ್ಲಿ ತಿಂಗಳಿಗೆ 1 ಪಲ್ಲ ವೆಚ್ಚವಾದರೆ ಆ ರಾಗಿ 12 ತಿಂಗಳು ಬರುತ್ತದೆ. ಅಂದರೆ,

ಬಾಳಿಕೆ = ದಾಸ್ತಾನು ÷ ವೆಚ್ಚ

ಸೂರ್ಯನ ವಿಷಯದಲ್ಲಿಯೂ ನಾವು ಮಾಡಬೇಕಾದುದು ಇಷ್ಟೇ. ಆತ ಒಂದು ಸೆಕೆಂಡಿಗೆ ಎಷ್ಟು ಶಕ್ತಿಯನ್ನು ವೆಚ್ಚ ಮಾಡುತ್ತಾನೆ, ಆತನಲ್ಲಿ ದಾಸ್ತಾನು ಎಷ್ಟಿದೆ ಎಂಬುದನ್ನು ಕಂಡುಹಿಡಿದು ಭಾಗಿಸಿದರೆ ಆತನ ಬಾಳಿಕೆ ದೊರೆಯುತ್ತದೆ. ಉರುವಲು ಯಾವುದೆಂದು ಗೊತ್ತಿಲ್ಲದಿದ್ದರೆ ನಮಗೆ ತೋಚಿದ ಒಂದೊಂದನ್ನೂ ಹಾಕಿ ನೋಡಬಹುದು. ದೊರೆತ ಬಾಳಿಕೆ ನಿಜಸ್ಥಿತಿಗೆ ಹೊಂದದಿದ್ದರೆ ಆ ಉರುವಲು ಅಲ್ಲವೆಂದು ಕೈಬಿಡಬೇಕು.

ವೆಚ್ಚದ ಲೆಕ್ಕ

ಸೂರ್ಯನ ವೆಚ್ಚವನ್ನು ಅಳೆಯಲು ದೂರದರ್ಶಕ ಬೇಡ. ಒಂದು ತಟ್ಟೆ ನೀರು, ಒಂದು ಉಷ್ಣಮಾಪಕ, ಒಂದು ಗಡಿಯಾರ ಇದ್ದರೆ ಸಾಕು. ಮದ್ದೂರಿನ ನಮ್ಮ ಮನೆಯ ತಾರಸಿಯ ಮೇಲೆ ನಾನು ಇದನ್ನು ಮಾಡಿ ನೋಡಿದ್ದೇನೆ. ಮದ್ದೂರು ಇರುವುದು ಸುಮಾರು 12.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದಕಾರಣ ಏಪ್ರಿಲ್ ತಿಂಗಳ ನಾಲ್ಕನೆಯ ವಾರದಲ್ಲಿ ಸೂರ್ಯನು ಅಲ್ಲಿ ನಡುಹಗಲಿಗೆ ನೆತ್ತಿಯ ಮೇಲೆಯೇ ಬರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಪ್ರಯೋಗಕ್ಕೆ ಅದು ತಕ್ಕ ಕಾಲ. 1,000 ಚದರ ಸೆಂಟಿಮೀಟರ್ ವಿಸ್ತಾರದ, ಒಳಗೆ ಕಪ್ಪು ಬಳಿದ ತಟ್ಟೆಯೊಂದನ್ನು ಹುಲ್ಲಿನ ಮೆತ್ತೆಯ ಮೇಲಿಟ್ಟು, ಅದರಲ್ಲಿ 1 ಲೀಟರ್ ನೀರನ್ನು ಹೊಯ್ದೆ. ಇಲ್ಲಿ ಒಂದು ಸಣ್ಣ ಉಪಾಯವುಂಟು. ನೀರು ಗಾಳಿಗಿಂತ ಬಿಸಿಯಾಗಿದ್ದರೆ ಶಾಖವನ್ನು ಗಾಳಿಗೆ ಕೊಡುತ್ತದೆ, ತಣ್ಣಗಿದ್ದರೆ ಗಾಳಿಯಿಂದ ಪಡೆಯುತ್ತದೆ. ಆದ್ದರಿಂದ ಮಡಕೆಯ ತಣ್ಣೀರನ್ನು ಬೆರೆಸಿ, ಗಾಳಿಗಿಂತ ನಾಲ್ಕೈದು ಡಿಗ್ರಿ ಕೆಳಗಿನಿಂದ ಆರಂಭಿಸಿ ಅಷ್ಟೇ ಮೇಲಕ್ಕೆ ಹೋದಾಗ ನಿಲ್ಲಿಸಿದರೆ ಲಾಭನಷ್ಟಗಳು ಬಹುಮಟ್ಟಿಗೆ ಸರಿಹೋಗುತ್ತವೆ. ಹತ್ತು ನಿಮಿಷದಲ್ಲಿ ನೀರಿನ ಉಷ್ಣತೆ 9 ಡಿಗ್ರಿ ಏರಿತು.

1 ಕಿಲೋಗ್ರಾಂ ನೀರಿನ ಉಷ್ಣತೆಯನ್ನು 1 ಡಿಗ್ರಿ ಏರಿಸಲು ಸುಮಾರು 4,190 ಜೂಲ್ ಶಾಖ ಬೇಕು. 9 ಡಿಗ್ರಿಗೆ 37,710 ಜೂಲ್. 600 ಸೆಕೆಂಡುಗಳಿಂದ ಭಾಗಿಸಿದರೆ ಸೆಕೆಂಡಿಗೆ 63 ಜೂಲ್, ಎಂದರೆ 63 ವಾಟ್. ತಟ್ಟೆಯ ವಿಸ್ತಾರ ಚದರ ಮೀಟರಿನ ಹತ್ತನೆಯ ಒಂದು ಪಾಲು. ಆದ್ದರಿಂದ ಒಂದು ಚದರ ಮೀಟರಿಗೆ 630 ವಾಟ್. ನೀರಿನಿಂದ ಪ್ರತಿಫಲಿಸಿ ಹೋದುದು, ಆವಿಯಾಗಿ ಹೋದುದು, ದಾರಿಯಲ್ಲಿ ವಾಯುಮಂಡಲವು ತಡೆದುಕೊಂಡುದು ಇದರಲ್ಲಿ ಸೇರಿಲ್ಲ. ವಾಯುಮಂಡಲದ ಹೊರಗೆ ಉಪಗ್ರಹಗಳು ಅಳೆದಿರುವ ಬೆಲೆ ಚದರ ಮೀಟರಿಗೆ 1,361 ವಾಟ್. ತಟ್ಟೆ ನೀರಿನಿಂದ ಅದರ ಅರ್ಧದಷ್ಟನ್ನು ಹಿಡಿದೆವೆಂದರೆ ಕಡಿಮೆಯ ಮಾತಲ್ಲ. 1830ರ ದಶಕದಲ್ಲಿ ಖಗೋಳವಿಜ್ಞಾನಿ ಸರ್ ಜಾನ್ ಹರ್ಷೆಲ್ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದಲ್ಲಿ ಬಿಸಿಲಿನಲ್ಲಿಟ್ಟ ನೀರಿನ ಉಷ್ಣತೆಯ ಏರಿಕೆಯನ್ನು ಅಳೆದು ಇದೇ ಬಗೆಯ ಲೆಕ್ಕ ಮಾಡಿದ್ದನು. ಅವನ ಹೆಸರನ್ನು ನೆನಪಿನಲ್ಲಿಟ್ಟಿರಿ. ಅದೇ ಹೆಸರಿನ ಅವನ ಮಗ ನಮ್ಮ ನಾಡಿಗೇ ಬರಲಿದ್ದಾನೆ.

ಸೂರ್ಯನ ಬೆಳಕು ಭೂಮಿಯ ಕಡೆಗೆ ಮಾತ್ರ ಬರುವುದಿಲ್ಲ; ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಸೂರ್ಯನನ್ನು ನಡುವಿಟ್ಟು, ಭೂಮಿಯಷ್ಟು ದೂರದಲ್ಲಿ, ಅಂದರೆ 15 ಕೋಟಿ ಕಿಲೋಮೀಟರ್ ತ್ರಿಜ್ಯದ ಒಂದು ದೊಡ್ಡ ಗೋಳವನ್ನು ಕಲ್ಪಿಸಿಕೊಳ್ಳಿ. ಅದರ ಒಳಮೈಯ ಪ್ರತಿಯೊಂದು ಚದರ ಮೀಟರಿಗೂ 1,361 ವಾಟ್ ಬೀಳುತ್ತದೆ. ಗೋಳದ ಮೇಲ್ಮೈ ವಿಸ್ತಾರ 4 × 3.14 × (ತ್ರಿಜ್ಯ)². ದೂರವನ್ನು ಮೀಟರುಗಳಲ್ಲಿ ಹಾಕಿ ಗುಣಿಸಿದರೆ ಸೂರ್ಯನ ಒಟ್ಟು ವೆಚ್ಚ ದೊರೆಯುತ್ತದೆ: ಸೆಕೆಂಡಿಗೆ ಸುಮಾರು 3.8 × 10²⁶ ಜೂಲ್. 10²⁶ ಎಂದರೆ 1ರ ಮುಂದೆ 26 ಸೊನ್ನೆಗಳು. ಈ ಸಂಖ್ಯೆಯನ್ನು ಕಲ್ಪಿಸಿಕೊಳ್ಳಲು ಹೆಣಗುವುದು ವ್ಯರ್ಥ. ಅದು ಭಾಜಕವೆಂದು ತಿಳಿದುಕೊಂಡು ಮುಂದೆ ಹೋಗೋಣ.

ಕವಣೆಯ ಕಲ್ಲು

ಇನ್ನು ದಾಸ್ತಾನು. ಅದಕ್ಕೆ ಮೊದಲು ಸೂರ್ಯನಲ್ಲಿ ಎಷ್ಟು ಪದಾರ್ಥವಿದೆಯೆಂದು ಗೊತ್ತಾಗಬೇಕು. ಹೊಲ ಕಾಯುವ ಹುಡುಗ ಕವಣೆ ಬೀಸುವುದನ್ನು ನೋಡಿರುವಿರಷ್ಟೆ. ಕಲ್ಲು ವೇಗವಾಗಿ ಸುತ್ತಿದಷ್ಟೂ ಹಗ್ಗವನ್ನು ಬಿಗಿಯಾಗಿ ಹಿಡಿಯಬೇಕಾಗುತ್ತದೆ. ವೃತ್ತದಲ್ಲಿ ಸುತ್ತುವ ವಸ್ತುವನ್ನು ಕೇಂದ್ರದ ಕಡೆಗೆ ಎಳೆದು ಹಿಡಿಯಲು ಕಿಲೋಗ್ರಾಮಿಗೆ (ವೇಗ)² ÷ ತ್ರಿಜ್ಯದಷ್ಟು ಬಲ ಬೇಕು. ಭೂಮಿಯು ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಇದನ್ನು ನೀವೇ ಪಡೆಯಬಹುದು. ವೃತ್ತದ ಸುತ್ತಳತೆಯನ್ನು ಒಂದು ವರ್ಷದ ಸೆಕೆಂಡುಗಳಿಂದ, ಎಂದರೆ 3.15 ಕೋಟಿಯಿಂದ, ಭಾಗಿಸಿದರಾಯಿತು. ಇಲ್ಲಿ ಹಗ್ಗವೆಂದರೆ ಗುರುತ್ವಾಕರ್ಷಣೆ. ನ್ಯೂಟನ್ನನ ನಿಯಮದಂತೆ ಅದರ ಬಲ ಕಿಲೋಗ್ರಾಮಿಗೆ

ಗುರುತ್ವ ಸ್ಥಿರಾಂಕ × ಸೂರ್ಯನ ದ್ರವ್ಯರಾಶಿ ÷ (ದೂರ)²

ಎರಡನ್ನೂ ಸಮಮಾಡಿ, ಸ್ಥಿರಾಂಕದ ಬೆಲೆ 6.67 × 10⁻¹¹ ಎಂದು ಹಾಕಿದರೆ ಸೂರ್ಯನ ದ್ರವ್ಯರಾಶಿ 2 × 10³⁰ ಕಿಲೋಗ್ರಾಂ ಎಂದು ಬರುತ್ತದೆ. ಈ ಸ್ಥಿರಾಂಕವನ್ನು ನಮಗೆ ದೊರಕಿಸಿಕೊಟ್ಟುದು 1798ರಲ್ಲಿ ಹೆನ್ರಿ ಕ್ಯಾವೆಂಡಿಷ್ ಸೀಸದ ಗುಂಡುಗಳ ನಡುವಿನ ಸೆಳೆತವನ್ನು ಅಳೆದ ಪ್ರಯೋಗ. ಕೋಣೆಯೊಳಗಿನ ಸೀಸದ ಗುಂಡುಗಳಿಂದ ಸೂರ್ಯನನ್ನು ತೂಗಿದಂತಾಯಿತು.

ಸೂರ್ಯನ ಗಾತ್ರವೂ ಮುಂದೆ ಬೇಕಾಗುತ್ತದೆ. ಹಳೆಯ ಹೆಂಚಿನ ಮನೆಗಳಲ್ಲಿ ಹೆಂಚಿನ ಸಣ್ಣ ಸಂದಿಯಿಂದ ಬಿಸಿಲು ತೂರಿ ನೆಲದ ಮೇಲೆ ದುಂಡನೆಯ ಬೊಟ್ಟಾಗಿ ಬೀಳುತ್ತದೆ. ಸಂದಿ ಚೌಕವಾಗಿದ್ದರೂ ಬೊಟ್ಟು ದುಂಡಗೇ ಇರುತ್ತದೆ. ಏಕೆಂದರೆ ಅದು ಸೂರ್ಯನ ಬಿಂಬ. ಬೊಟ್ಟಿಗೆ ಅಡ್ಡಲಾಗಿ ಕಾಗದ ಹಿಡಿದು ಅಳೆದರೆ, ಅದರ ವ್ಯಾಸವು ಸಂದಿಯಿಂದ ಕಾಗದಕ್ಕಿರುವ ದೂರದಲ್ಲಿ ಸುಮಾರು 107ನೆಯ ಒಂದು ಪಾಲು ಇರುತ್ತದೆ. ಸೂರ್ಯನ ವ್ಯಾಸವೂ 15 ಕೋಟಿ ಕಿಲೋಮೀಟರಿನ 107ನೆಯ ಒಂದು ಪಾಲು: ಸುಮಾರು 14 ಲಕ್ಷ ಕಿಲೋಮೀಟರ್. ತ್ರಿಜ್ಯ 7 ಲಕ್ಷ.

ಮೊದಲನೆಯ ಊಹೆ: ಆಲೆಮನೆಯ ಉರಿ

ಸೂರ್ಯನು ಕಬ್ಬಿನ ಸಿಪ್ಪೆಯ ಒಂದು ದೊಡ್ಡ ಮೆದೆಯೆಂದೇ ತಿಳಿದುಕೊಳ್ಳೋಣ. ಹಾಸ್ಯಕ್ಕಾಗಿ ಹೇಳಿದುದಲ್ಲ, 1840ರ ದಶಕದಲ್ಲಿ ಜರ್ಮನಿಯ ವೈದ್ಯ ರಾಬರ್ಟ್ ಮೇಯರ್ ಕಲ್ಲಿದ್ದಲನ್ನು ಹಾಕಿ ಇದೇ ಲೆಕ್ಕ ಮಾಡಿದ್ದನು. ಚೆನ್ನಾಗಿ ಒಣಗಿದ ಸಿಪ್ಪೆ ಕಿಲೋಗ್ರಾಮಿಗೆ ಸುಮಾರು 1.5 ಕೋಟಿ ಜೂಲ್ ಶಾಖ ಕೊಡುತ್ತದೆ. 2 × 10³⁰ರಿಂದ ಗುಣಿಸಿದರೆ ದಾಸ್ತಾನು 3 × 10³⁷ ಜೂಲ್. ವೆಚ್ಚದಿಂದ ಭಾಗಿಸಿದರೆ 8 × 10¹⁰ ಸೆಕೆಂಡಿಗೆ ಸ್ವಲ್ಪ ಕಡಿಮೆ. ವರ್ಷಗಳಿಗೆ ತಿರುಗಿಸಿದರೆ 2,500 ವರ್ಷ. ಉರಿಯಲು ಬೇಕಾಗುವ ಆಮ್ಲಜನಕವನ್ನು ಯಾರೋ ಧರ್ಮಕ್ಕೆ ಒದಗಿಸಿದರೆಂದು ಇಟ್ಟುಕೊಂಡೂ ಇಷ್ಟೇ. ಮಸ್ಕಿ, ಬ್ರಹ್ಮಗಿರಿಗಳಲ್ಲಿ ಅಶೋಕನ ಶಾಸನಗಳನ್ನು ಕೆತ್ತಿದ ಕಾಲಕ್ಕೆ ಹೊತ್ತಿಸಿದ್ದರೆ ಈಗ ಮೆದೆಯ ತಳ ಕಾಣುತ್ತಿತ್ತು. ಒಳ್ಳೆಯ ಕಲ್ಲಿದ್ದಲಾದರೆ ಇದರ ಇಮ್ಮಡಿ, 5,000 ವರ್ಷ. ಸಾಲದು.

ಇದರಲ್ಲಿ ಇನ್ನೊಂದು ಸ್ವಾರಸ್ಯವೂ ಇದೆ. ಕಬ್ಬು ಬೆಳೆದುದು ಬಿಸಿಲಿನಿಂದ. ಮುದುಕ ಒಲೆಗೆ ಹಾಕುತ್ತಿದ್ದುದು ಹಿಂದಿನ ವರ್ಷದ ಬಿಸಿಲನ್ನೇ. ಸೌದೆಯಿಂದ ಸೂರ್ಯನನ್ನು ವಿವರಿಸಹೊರಡುವುದು ಮಗನ ಸಂಬಳದಿಂದ ಅಪ್ಪನ ಆಸ್ತಿಯನ್ನು ಲೆಕ್ಕಹಾಕಿದಂತೆ.

ಎರಡನೆಯ ಊಹೆ: ಶಿವನಸಮುದ್ರದ ನೀರು

ಉರಿಯಲ್ಲವಾದರೆ ಮತ್ತೇನು? ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರಕ್ಕೆ ಹೋಗೋಣ. ಅಲ್ಲಿ ಏನೂ ಉರಿಯುವುದಿಲ್ಲ. ಕಾವೇರಿಯ ನೀರು ಮೇಲಿನಿಂದ ಕೆಳಕ್ಕೆ ಬೀಳುತ್ತದೆ, ಅಷ್ಟೆ. ಆದರೂ 1902ರಲ್ಲಿ ಅಲ್ಲಿನ ವಿದ್ಯುದಾಗಾರದಿಂದ ಹೊರಟ ಶಕ್ತಿ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿತು. ಎತ್ತರದಲ್ಲಿರುವ ವಸ್ತುವಿನಲ್ಲಿ ಅಡಗಿರುವ ಶಕ್ತಿಯನ್ನು ಪ್ರಚ್ಛನ್ನ ಶಕ್ತಿ ಎನ್ನುತ್ತೇವೆ:

ಪ್ರಚ್ಛನ್ನ ಶಕ್ತಿ = ದ್ರವ್ಯರಾಶಿ × ಗುರುತ್ವ ವೇಗೋತ್ಕರ್ಷ × ಎತ್ತರ

ಲೆಕ್ಕ ಸುಲಭವಾಗಲೆಂದು ಎತ್ತರವನ್ನು 100 ಮೀಟರ್ ಎಂದಿಟ್ಟುಕೊಂಡರೆ 1 ಕಿಲೋಗ್ರಾಂ ನೀರಿಗೆ 1 × 9.8 × 100 = 980 ಜೂಲ್. ಸೆಕೆಂಡಿಗೆ ಒಂದು ಘನ ಮೀಟರ್, ಎಂದರೆ 1,000 ಕಿಲೋಗ್ರಾಂ ನೀರು ಬಿದ್ದರೆ 9.8 ಲಕ್ಷ ವಾಟ್. ಈ ನೀರನ್ನು ಯಂತ್ರಕ್ಕೆ ಹಾಯಿಸದೆ ಬಂಡೆಯ ಮೇಲೆ ಬೀಳಗೊಟ್ಟರೆ ಆ ಶಕ್ತಿಯೆಲ್ಲ ಎಲ್ಲಿಗೆ ಹೋಗುತ್ತದೆ? ಶಾಖವಾಗುತ್ತದೆ. 980ನ್ನು 4,190ರಿಂದ ಭಾಗಿಸಿದರೆ 0.23; ಜಲಪಾತದ ಬುಡದಲ್ಲಿ ನೀರು ನೆತ್ತಿಗಿಂತ ಕಾಲು ಡಿಗ್ರಿಯಷ್ಟು ಬಿಸಿಯಾಗಿರಬೇಕು. ಶಾಖವೂ ಕೆಲಸವೂ ಒಂದೇ ಶಕ್ತಿಯ ಎರಡು ರೂಪಗಳೆಂದು ತೋರಿಸಿದ ಜೇಮ್ಸ್ ಜೂಲ್, 1847ರಲ್ಲಿ ಹೊಸ ಹೆಂಡತಿಯೊಡನೆ ಆಲ್ಪ್ಸ್ ಪರ್ವತಪ್ರಾಂತದಲ್ಲಿ ಪ್ರವಾಸ ಮಾಡುತ್ತಿದ್ದಾಗ ಅಲ್ಲಿನ ಜಲಪಾತದಲ್ಲಿ ಇದನ್ನು ಅಳೆಯಲು ಉಷ್ಣಮಾಪಕ ಹಿಡಿದು ಹೋಗುತ್ತಿದ್ದನೆಂದು ಅವನ ಮಿತ್ರ ವಿಲಿಯಂ ಥಾಮ್ಸನ್ ಬರೆದಿದ್ದಾನೆ. ನೀರು ತುಂತುರಾಗಿ ಒಡೆದು ಹೋಗುವ ಕಡೆ ಈ ಅಳತೆ ಕೈಗೂಡುವುದು ಕಷ್ಟ. ಗಗನಚುಕ್ಕಿಯಲ್ಲಿ ಪ್ರಯತ್ನಿಸಬೇಡಿ, ಅಲ್ಲಿನ ಬಂಡೆಗಳು ಜಾರುತ್ತವೆ.

ಬೀಳುವ ನೀರು ಬಿಸಿಯಾಗುವುದಾದರೆ, ಬೀಳುವ ಸೂರ್ಯನೂ ಬಿಸಿಯಾಗಬೇಕಲ್ಲವೆ? ಸೂರ್ಯ ಬೀಳುವುದೆಲ್ಲಿಗೆ ಎಂದು ಕೇಳಬಹುದು. ತನ್ನೊಳಕ್ಕೇ! ಅತ್ಯಂತ ವಿಸ್ತಾರವಾಗಿ ಹರಡಿದ್ದ ಅನಿಲವು ತನ್ನದೇ ಸೆಳೆತದಿಂದ ಕೇಂದ್ರದ ಕಡೆಗೆ ಕುಸಿದು ಸೂರ್ಯನಾಯಿತು, ಈಗಲೂ ನಿಧಾನವಾಗಿ ಕುಗ್ಗುತ್ತಿದೆ, ಆ ಬೀಳುವಿಕೆಯ ಶಾಖವೇ ಬಿಸಿಲು ಎಂದು 1854ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಸೂಚಿಸಿದನು. ವರ್ಷಕ್ಕೆ ಕೆಲವು ಹತ್ತು ಮೀಟರುಗಳಷ್ಟು ಕುಗ್ಗಿದರೆ ಸಾಕು; ಭೂಮಿಯಿಂದ ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಲೆಕ್ಕ ಹಾಕೋಣ. ಸೂರ್ಯನ ಮೇಲ್ಮೈಯಲ್ಲಿ ಗುರುತ್ವ ವೇಗೋತ್ಕರ್ಷವು ನಮ್ಮ 9.8ರ ಬದಲು ಸುಮಾರು 272. ಮೇಲೆ ಹೇಳಿದ ನ್ಯೂಟನ್ನನ ಸೂತ್ರದಲ್ಲಿ ದೂರದ ಜಾಗಕ್ಕೆ ಸೂರ್ಯನ ತ್ರಿಜ್ಯವನ್ನು ಹಾಕಿದರೆ ಇದು ಸಿಗುತ್ತದೆ. ಬಹುದೂರದಿಂದ ಬೀಳುವ ವಸ್ತುವಿಗೆ ಈ ವೇಗೋತ್ಕರ್ಷ ದಾರಿಯುದ್ದಕ್ಕೂ ಒಂದೇ ಆಗಿರುವುದಿಲ್ಲ. ದೂರದಲ್ಲಿ ಕಡಿಮೆ, ಹತ್ತಿರದಲ್ಲಿ ಹೆಚ್ಚು. ಆದರೆ ಕಲನಶಾಸ್ತ್ರದಿಂದ ಒಂದು ಸೊಗಸಾದ ಫಲ ದೊರೆಯುತ್ತದೆ. ಅನಂತ ದೂರದಿಂದ ಬಿದ್ದರೂ ದೊರೆಯುವ ಶಕ್ತಿ, ಮೇಲ್ಮೈಯ ವೇಗೋತ್ಕರ್ಷವೇ ಇರುವ ಕಡೆ ಒಂದು ತ್ರಿಜ್ಯದಷ್ಟು ಎತ್ತರದಿಂದ ಬಿದ್ದುದಕ್ಕೆ ಸಮ. ಶಿವನಸಮುದ್ರದ ಸೂತ್ರವನ್ನೇ ಇಟ್ಟುಕೊಂಡು 9.8ರ ಜಾಗಕ್ಕೆ 272ನ್ನೂ, 100 ಮೀಟರಿನ ಜಾಗಕ್ಕೆ 70 ಕೋಟಿ ಮೀಟರನ್ನೂ ಹಾಕಿ: ಕಿಲೋಗ್ರಾಮಿಗೆ 1.9 × 10¹¹ ಜೂಲ್. ಕಬ್ಬಿನ ಸಿಪ್ಪೆಗಿಂತ ಹನ್ನೆರಡು ಸಾವಿರ ಪಾಲು ಹೆಚ್ಚು! ದಾಸ್ತಾನು 3.8 × 10⁴¹ ಜೂಲ್. ಬಾಳಿಕೆ 10¹⁵ ಸೆಕೆಂಡು, ಎಂದರೆ 3 ಕೋಟಿ ವರ್ಷ. ಸೂಕ್ಷ್ಮವಾಗಿ ನೋಡಿದರೆ ಈ ಶಕ್ತಿಯಲ್ಲಿ ಅರ್ಧವು ಸೂರ್ಯನ ಒಡಲಿನ ಶಾಖವಾಗಿ ಒಳಗೇ ಉಳಿಯುತ್ತದೆ. ಆದರೆ ನಮ್ಮ ವಾದಕ್ಕೆ ಒಂದು ಕೋಟಿಯೋ ಮೂರು ಕೋಟಿಯೋ ಎಂಬುದು ಮುಖ್ಯವಲ್ಲ.

ಮುಂದೆ ಲಾರ್ಡ್ ಕೆಲ್ವಿನ್ ಆದವನು ಮೇಲೆ ಹೇಳಿದ ಥಾಮ್ಸನ್ನನೇ. 1862ರಲ್ಲಿ ಅವನು ಈ ಬಗೆಯ ಲೆಕ್ಕದಿಂದ ಸೂರ್ಯನ ವಯಸ್ಸು 10 ಕೋಟಿ ವರ್ಷಕ್ಕಿಂತ ಹೆಚ್ಚಿರುವ ಸಂಭವ ಕಡಿಮೆಯೆಂದು ಸಾರಿದನು. ಮುಂದೆ ಇನ್ನೂ ಇಳಿಸಿದನು. ಜೀವಿಗಳ ವಿಕಾಸಕ್ಕೆ ಬಹು ದೀರ್ಘಕಾಲ ಬೇಕೆಂದಿದ್ದ ಡಾರ್ವಿನ್ನನಿಗೆ ಇದು ದೊಡ್ಡ ತಲೆನೋವಾಯಿತು. ಭೂವಿಜ್ಞಾನಿಗಳು ಗೊಣಗಿದರು, ಆದರೆ ಕೆಲ್ವಿನ್ನನ ಗಣಿತದಲ್ಲಿ ತಪ್ಪನ್ನು ತೋರಿಸುವವರಿರಲಿಲ್ಲ. ಇಂದಿನ ವಿದ್ಯಾರ್ಥಿಗಳು ಅವನನ್ನು ನೋಡಿ ನಗಬಾರದು. ಅವನಿಗೆ ಗೊತ್ತಿದ್ದ ಶಕ್ತಿಮೂಲಗಳಲ್ಲಿ ಅವನ ಲೆಕ್ಕ ಸರಿಯಾಗಿಯೇ ಇತ್ತು.

ರಾಮನಗರದ ಬಂಡೆಗಳ ಸಾಕ್ಷಿ

ಮದ್ದೂರಿನಿಂದ ಬೆಂಗಳೂರಿಗೆ ಹೋಗುವಾಗ ರಾಮನಗರದ ಬಳಿ ದಾರಿಯ ಪಕ್ಕದಲ್ಲಿ ಬೃಹದಾಕಾರದ ಕಲ್ಲುಬೆಟ್ಟಗಳು ನಿಂತಿವೆ. ಆ ಊರಿಗೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಭೂವಿಜ್ಞಾನದಲ್ಲಿ ಆ ಶಿಲೆಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರು. ಶಿಲೆಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಯುರೇನಿಯಂ ಇರುತ್ತದೆ. ಅದು ನಿಯತವಾದ ಗತಿಯಲ್ಲಿ ಸೀಸವಾಗುತ್ತ ಹೋಗುತ್ತದೆ. 447 ಕೋಟಿ ವರ್ಷ ಕಳೆದರೆ ಯುರೇನಿಯಂ-238ರಲ್ಲಿ ಅರ್ಧ ಉಳಿದಿರುತ್ತದೆ. ಶಿಲೆಯ ಹರಳಿನಲ್ಲಿ ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸವಾಗಿದೆ ಎಂದು ಅಳೆದರೆ ಹರಳಿನ ವಯಸ್ಸು ತಿಳಿಯುತ್ತದೆ. ರಾಮನಗರದ ಬೆಟ್ಟಗಳ ಶಿಲೆಗೆ ಸುಮಾರು 250 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗಿನ ಗುಡ್ಡದ ಶಿಲೆಗೆ ಸುಮಾರು 300 ಕೋಟಿ.

3 ಕೋಟಿ ವರ್ಷದ ಸೂರ್ಯನ ಕೆಳಗೆ 300 ಕೋಟಿ ವರ್ಷದ ಬಂಡೆ! ಎರಡರಲ್ಲಿ ಒಂದು ಸುಳ್ಳಾಗಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಜ್ಞಾನಿಗಳು ಸಿಕ್ಕಿಕೊಂಡ ಇಕ್ಕಟ್ಟು ಇಂಥದೇ. ಬಂಡೆಗಳ ವಯಸ್ಸನ್ನು ಹೇಳಿದ ವಿಕಿರಣಶೀಲತೆಯೇ, ಪರಮಾಣುವಿನೊಳಗೆ ಹಿಂದೆ ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಶಕ್ತಿಯ ಉಗ್ರಾಣವೊಂದಿದೆಯೆಂಬುದನ್ನೂ ತೋರಿಸಿತು.

ಮೂರನೆಯ ಊಹೆ

1905ರಲ್ಲಿ ಐನ್‌ಸ್ಟೈನ್ ಕೊಟ್ಟ ಸಮೀಕರಣವನ್ನು ಕೇಳದವರಿಲ್ಲ:

ಶಕ್ತಿ = ದ್ರವ್ಯರಾಶಿ × (ಬೆಳಕಿನ ವೇಗ)²

ಕೇಳಿದವರಲ್ಲಿ ಅದನ್ನು ಒಂದು ಸಲವಾದರೂ ಬಳಸಿದವರು ಕಡಿಮೆ. ಈಗ ಬಳಸೋಣ. 1920ರಲ್ಲಿ ಇಂಗ್ಲೆಂಡಿನ ಆ್ಯಸ್ಟನ್ ಪರಮಾಣುಗಳ ತೂಕವನ್ನು ಬಹು ಸೂಕ್ಷ್ಮವಾಗಿ ಅಳೆದನು. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಜಲಜನಕದ, ಅಂದರೆ ಹೈಡ್ರೋಜನ್ನಿನ ಒಂದು ಪರಮಾಣುವಿನ ತೂಕ 1.0078 ಘಟಕ. ನಾಲ್ಕು ಸೇರಿದರೆ 4.0313. ಅವು ಕೂಡಿ ಆಗಬಹುದಾದ ಹೀಲಿಯಂ ಪರಮಾಣುವಿನ ತೂಕ 4.0026. ವ್ಯತ್ಯಾಸ 0.0287, ಸಾವಿರಕ್ಕೆ ಏಳು ಪಾಲು. ಸಾವಿರ ರೂಪಾಯಿ ಎಣಿಸಿಕೊಟ್ಟರೆ ಒಂಬೈನೂರ ತೊಂಬತ್ತಮೂರು ಬಂದಂತೆ. ಉಳಿದ ಏಳು ಎಲ್ಲಿ ಹೋಯಿತು? ಶಕ್ತಿಯಾಗಿ ಹೋಯಿತು, ಸೂರ್ಯನ ಬೆಳಕು ಇದೇ ಇರಬಹುದು ಎಂದು ಅದೇ ವರ್ಷ ಎಡಿಂಗ್ಟನ್ ಹೇಳಿದನು.

ಬೆಳಕಿನ ವೇಗ ಸೆಕೆಂಡಿಗೆ 30 ಕೋಟಿ ಮೀಟರ್. ಅದರ ವರ್ಗ 9 × 10¹⁶. ಅದರ ಸಾವಿರಕ್ಕೆ ಏಳು ಪಾಲು, ಸುಮಾರು 6.4 × 10¹⁴. 1 ಕಿಲೋಗ್ರಾಂ ಜಲಜನಕ ಹೀಲಿಯಂ ಆದರೆ ಇಷ್ಟು ಜೂಲ್ ಹೊರಬರುತ್ತದೆ. 1 ಕಿಲೋಗ್ರಾಮಿಗೆ ಶಿವನಸಮುದ್ರದಲ್ಲಿ 980, ಆಲೆಮನೆಯಲ್ಲಿ 1.5 × 10⁷, ಸೂರ್ಯನ ಕುಸಿತದಲ್ಲಿ 1.9 × 10¹¹ ಬಂದಿದ್ದನ್ನು ನೆನೆದು ಹೋಲಿಸಿ. ಸೂರ್ಯನ ಇಡೀ ಒಡಲಿನಲ್ಲಿ ಈ ಕ್ರಿಯೆ ನಡೆಯುವುದಿಲ್ಲ. ಉಷ್ಣತೆ ಸುಮಾರು 1.5 ಕೋಟಿ ಡಿಗ್ರಿಯಿರುವ ನಡುಗರ್ಭದಲ್ಲಿ ಮಾತ್ರ. ದ್ರವ್ಯರಾಶಿಯ ಹತ್ತನೆಯ ಒಂದು ಪಾಲು ಉರುವಲಾಗಬಲ್ಲುದೆಂದು ಇಟ್ಟುಕೊಳ್ಳೋಣ. ದಾಸ್ತಾನು 1.3 × 10⁴⁴ ಜೂಲ್. 3.8 × 10²⁶ರಿಂದ ಭಾಗಿಸಿದರೆ 3.4 × 10¹⁷ ಸೆಕೆಂಡು.

ಸಾವಿರ ಕೋಟಿ ವರ್ಷ.

ಬಂಡೆಗಳ ಜೊತೆಗಿನ ಜಗಳ ಇಲ್ಲಿಗೆ ತೀರಿತು. ಉಲ್ಕಾಶಿಲೆಗಳ ಅಳತೆಯಿಂದ ಸೌರವ್ಯೂಹದ ವಯಸ್ಸು ಸುಮಾರು 457 ಕೋಟಿ ವರ್ಷವೆಂದು ಗೊತ್ತಾಗಿದೆ. ಎಂದರೆ ಕಣಜ ಇನ್ನೂ ಅರ್ಧಕ್ಕಿಂತ ಹೆಚ್ಚು ತುಂಬಿದೆ. ಮಾರನೆಯ ಸಲ ಆಲೆಮನೆಗೆ ಹೋದಾಗ ಈ ಲೆಕ್ಕವನ್ನು ನನಗೆ ತಿಳಿದಂತೆ ಆ ಮುದುಕನಿಗೆ ಹೇಳಿದೆ. “ಯಾರೂ ಹಾಕೋದು ಬ್ಯಾಡ ಅನ್ನಿ. ಹಂಗಾದ್ರೆ ನಮ್ ಕಾಲಕ್ಕೆ ಸಾಕು ಬುಡಿ,” ಎಂದು ಮತ್ತೆ ಒಲೆಯ ಕಡೆ ತಿರುಗಿದ.

ಆದರೆ ಸೂರ್ಯನಲ್ಲಿ ಜಲಜನಕ ಅಷ್ಟೊಂದು ಇದೆಯೆಂದು ಹೇಗೆ ತಿಳಿಯಿತು? ಇದರ ಕಥೆಯಲ್ಲಿ ನಮ್ಮ ದೇಶಕ್ಕೆ ದೊಡ್ಡ ಪಾಲಿದೆ. 1868ರ ಆಗಸ್ಟ್ 18ರಂದು ದಕ್ಷಿಣ ಭಾರತದ ಮೇಲೆ ಹಾದು ಹೋದ ಪೂರ್ಣ ಸೂರ್ಯಗ್ರಹಣವನ್ನು ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ನನೂ, ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ಲನೂ ರೋಹಿತದರ್ಶಕದಿಂದ ನೋಡಿದರು. ತಟ್ಟೆ ನೀರಿನಿಂದ ಬಿಸಿಲನ್ನು ಅಳೆದವನ ಮಗನೇ ಈ ಹರ್ಷೆಲ್. ಸೂರ್ಯನ ಅಂಚಿನಲ್ಲಿ ಏಳುವ ಕೆಂಜ್ವಾಲೆಗಳ ಬೆಳಕು ಕೆಲವೇ ಹೊಳೆಯುವ ಗೆರೆಗಳಾಗಿ ಒಡೆಯಿತು. ಆದ್ದರಿಂದ ಅವು ಉರಿಯುವ ಅನಿಲವೆಂದು ತಿಳಿಯಿತು. ಅವುಗಳಲ್ಲಿ ಒಂದು ಹಳದಿಯ ಗೆರೆ ಭೂಮಿಯ ಮೇಲೆ ಆಗ ತಿಳಿದಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಆ ಹೊಸ ಧಾತುವಿಗೆ ಗ್ರೀಕರ ಸೂರ್ಯನ ಹೆಸರಿನಿಂದ ಹೀಲಿಯಂ ಎಂದು ನಾಮಕರಣವಾಯಿತು. ಭೂಮಿಯ ಮೇಲೆ ಅದು ಸಿಕ್ಕಿದುದು 1895ರಲ್ಲಿ. ಮುಂದೆ 1920ರಲ್ಲಿ ಮೇಘನಾದ ಸಾಹಾ, ಉಷ್ಣತೆ ಒತ್ತಡಗಳಿಗನುಸಾರವಾಗಿ ಪರಮಾಣುಗಳು ಎಲೆಕ್ಟ್ರಾನನ್ನು ಎಷ್ಟರಮಟ್ಟಿಗೆ ಕಳೆದುಕೊಳ್ಳುತ್ತವೆಂಬ ಸಮೀಕರಣವನ್ನು ಕೊಟ್ಟನು. ರೋಹಿತದ ಗೆರೆಗಳನ್ನು ಓದಲು ಅದು ಕೀಲಿಕೈಯಾಯಿತು. ಆ ಕೀಲಿಕೈಯಿಂದ 1925ರಲ್ಲಿ ಸಿಸಿಲಿಯ ಪೇಯ್ನ್ ಎಂಬ ಇಪ್ಪತ್ತೈದು ವರ್ಷದ ಸಂಶೋಧಕಿ, ನಕ್ಷತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಜಲಜನಕವೆಂದು ತೋರಿಸಿದಳು. ಹಿರಿಯರು ಮೊದಲು ನಂಬಲಿಲ್ಲ. ಕೆಲವೇ ವರ್ಷಗಳಲ್ಲಿ ನಂಬಬೇಕಾಯಿತು. ನಾಲ್ಕು ಜಲಜನಕ ಬೀಜಗಳು ಯಾವ ಯಾವ ಮೆಟ್ಟಿಲು ಹತ್ತಿ ಹೀಲಿಯಂ ಆಗುತ್ತವೆಂಬ ವಿವರವನ್ನು 1939ರ ಹೊತ್ತಿಗೆ ಹಾನ್ಸ್ ಬೆಥೆ ಬಿಡಿಸಿಟ್ಟನು. 1967ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು.

ಈ ಕ್ರಿಯೆಯಲ್ಲಿ ನ್ಯೂಟ್ರಿನೋ ಎಂಬ ಕಣಗಳೂ ಹುಟ್ಟುತ್ತವೆ. ಪದಾರ್ಥವನ್ನು ಬಹುಮಟ್ಟಿಗೆ ಲೆಕ್ಕಿಸದೆ ಅವು ಸೂರ್ಯನ ಗರ್ಭದಿಂದ ನೇರವಾಗಿ ಹೊರಬೀಳುತ್ತವೆ. ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ 6,000 ಕೋಟಿಗೂ ಹೆಚ್ಚು ನಮ್ಮನ್ನು ತೂರಿ ಹೋಗುತ್ತಿವೆ. ಅವುಗಳನ್ನು ಹಿಡಿಯಲು ನೆಲದ ಆಳಕ್ಕೆ ಇಳಿಯಬೇಕು. ಶಿವನಸಮುದ್ರದ ವಿದ್ಯುತ್ತನ್ನು ಮೊದಲು ಪಡೆದ ಕೋಲಾರದ ಗಣಿಗಳ ಆಳದಲ್ಲಿಯೇ 1965ರಲ್ಲಿ ಭಾರತ, ಜಪಾನ್, ಇಂಗ್ಲೆಂಡುಗಳ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಗುರುತಿಸಿದರು. ಸೂರ್ಯನ ನ್ಯೂಟ್ರಿನೋಗಳು ಸಿಕ್ಕಿದುದು ಸ್ವಲ್ಪ ಅನಂತರ, ಅಮೆರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ, ರೇಮಂಡ್ ಡೇವಿಸ್ಸನಿಗೆ. ಎಣಿಸಿದುದರಲ್ಲಿ ಮೂರನೆಯ ಒಂದು ಪಾಲು ಮಾತ್ರ ಸಿಕ್ಕಿ ಅವು ಬಹುಕಾಲ ಒಗಟಾದುದೂ, ದಾರಿಯಲ್ಲಿ ಅವು ಬಗೆ ಬದಲಾಯಿಸುತ್ತವೆಂದು 2002ರ ಹೊತ್ತಿಗೆ ಖಚಿತವಾದುದೂ ಬೇರೆಯೇ ಒಂದು ಲೇಖನಕ್ಕೆ ವಸ್ತು. ಸೂರ್ಯನ ಗರ್ಭದಲ್ಲಿ ಬೀಜಗಳು ಕೂಡುತ್ತಿವೆಯೆಂಬುದಕ್ಕೆ ಮಾತ್ರ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಎಷ್ಟು ಮಂದವಾದ ಉರಿ!

ಇಷ್ಟೆಲ್ಲ ಕೇಳಿದ ವಿದ್ಯಾರ್ಥಿಗಳು ಸೂರ್ಯನ ಗರ್ಭವೆಂದರೆ ಎಡೆಬಿಡದೆ ಸಿಡಿಯುವ ಬಾಂಬೆಂದು ತಿಳಿಯುತ್ತಾರೆ. ಒಂದು ಭಾಗಾಕಾರ ಮಾಡಿ ನೋಡಿ. 3.8 × 10²⁶ ವಾಟನ್ನು 2 × 10³⁰ ಕಿಲೋಗ್ರಾಮಿನಿಂದ ಭಾಗಿಸಿದರೆ ಕಿಲೋಗ್ರಾಮಿಗೆ 0.0002 ವಾಟಿಗೂ ಸ್ವಲ್ಪ ಕಡಿಮೆ. ದಿನಕ್ಕೆ 2,000 ಕಿಲೋಕ್ಯಾಲೊರಿ ಆಹಾರ ತಿನ್ನುವ, 60 ಕಿಲೋಗ್ರಾಂ ತೂಕದ ಮನುಷ್ಯನ ದೇಹದಲ್ಲಿ ಕಿಲೋಗ್ರಾಮಿಗೆ 1.6 ವಾಟ್ ಶಾಖ ಹುಟ್ಟುತ್ತದೆ. ಮದ್ದೂರು ವಡೆ ತಿಂದು ರೈಲಿನ ಕಿಟಕಿಗೆ ಒರಗಿ ತೂಕಡಿಸುವ ಪ್ರಯಾಣಿಕನೂ ತೂಕಕ್ಕೆ ತೂಕ ಹೋಲಿಸಿದರೆ ಸೂರ್ಯನಿಗಿಂತ ಹಲವು ಸಾವಿರ ಪಾಲು ಬಿರುಸಾಗಿ ಉರಿಯುತ್ತಿದ್ದಾನೆ! ಜಲಜನಕದ ಬೀಜಗಳೆರಡು ಕೂಡುವುದು ಅಷ್ಟು ಅಪೂರ್ವ. ಸೂರ್ಯಗರ್ಭದ ಒಂದು ಬೀಜ ಸರಾಸರಿ ನೂರಾರು ಕೋಟಿ ವರ್ಷ ಕಾದಿರಬೇಕು. ಸೂರ್ಯ ಪ್ರಖರನಾಗಿರುವುದು ಉರಿಯ ಬಿರುಸಿನಿಂದಲ್ಲ, ಒಡಲಿನ ಅಗಾಧತೆಯಿಂದ. ದೇಹ ದೊಡ್ಡದಾದಂತೆ ಶಾಖ ಹುಟ್ಟಿಸುವ ಗಾತ್ರವು ತ್ರಿಜ್ಯದ ಘನದಂತೆ ಬೆಳೆಯುತ್ತದೆ, ಅದನ್ನು ಹೊರಬಿಡುವ ಮೇಲ್ಮೈಯು ವರ್ಗದಂತೆ ಮಾತ್ರ.

ಲುಬ್ಧಕನ ವಯಸ್ಸು

ಕೊನೆಗೆ, ಇದೇ ಸಮೀಕರಣಗಳನ್ನು ಬೇರೊಂದು ನಕ್ಷತ್ರಕ್ಕೆ ಹಚ್ಚಿ ನೋಡೋಣ. ಫೆಬ್ರವರಿಯ ನಡುವಿನಲ್ಲಿ ರಾತ್ರಿ ಒಂಬತ್ತು ಗಂಟೆಯ ಮೇಲೆ ಮಂಡ್ಯದಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಂತರೆ, ದಿಗಂತದಿಂದ ಸುಮಾರು 60 ಡಿಗ್ರಿ ಮೇಲೆ ಲುಬ್ಧಕ ಹೊಳೆಯುತ್ತಿರುತ್ತದೆ. ರಾತ್ರಿಯ ಆಕಾಶದಲ್ಲಿ ಅದಕ್ಕಿಂತ ಉಜ್ಜ್ವಲವಾದ ನಕ್ಷತ್ರವಿಲ್ಲ. ದೂರ 8.6 ಜ್ಯೋತಿರ್ವರ್ಷ. ದೂರವೂ ನಮಗೆ ತಲಪುವ ಬೆಳಕೂ ಗೊತ್ತಿರುವುದರಿಂದ, ಸೂರ್ಯನಿಗೆ ಕಲ್ಪಿಸಿದಂತೆಯೇ ದೊಡ್ಡ ಗೋಳವನ್ನು ಕಲ್ಪಿಸಿ ಅದರ ವೆಚ್ಚವನ್ನು ಪಡೆಯಬಹುದು: ಸೂರ್ಯನ 25 ಪಾಲು. ಅದಕ್ಕೆ ಒಂದು ಮಂಕಾದ ಜೊತೆನಕ್ಷತ್ರವುಂಟು; ಅವೆರಡೂ 50 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಕವಣೆಯ ಕಲ್ಲಿನ ಲೆಕ್ಕದಿಂದ ಲುಬ್ಧಕದ ದ್ರವ್ಯರಾಶಿ ಸೂರ್ಯನ 2 ಪಾಲು ಎಂದು ಬರುತ್ತದೆ. ದಾಸ್ತಾನು ಇಮ್ಮಡಿ, ವೆಚ್ಚ ಇಪ್ಪತ್ತೈದು ಮಡಿ. ಸಾವಿರ ಕೋಟಿಯನ್ನು 2ರಿಂದ ಗುಣಿಸಿ 25ರಿಂದ ಭಾಗಿಸಿದರೆ ಅದರ ಬಾಳಿಕೆ 80 ಕೋಟಿ ವರ್ಷ.

ಲುಬ್ಧಕ ಈಗಲೂ ಉರಿಯುತ್ತಿದೆ. ಆದ್ದರಿಂದ ಅದು ಹುಟ್ಟಿ 80 ಕೋಟಿ ವರ್ಷಕ್ಕಿಂತ ಹೆಚ್ಚಾಗಿರಲಾರದು. ಸೂಕ್ಷ್ಮವಾದ ಅಳತೆಗಳು 25 ಕೋಟಿಯ ಆಸುಪಾಸಿನಲ್ಲಿ ನಿಲ್ಲುತ್ತವೆ. ಮಳೆಯ ಲೆಕ್ಕದಲ್ಲಿ ನಮ್ಮ ರೈತರಿಗೆ ಪರಿಚಿತವಾದ ಆರಿದ್ರಾ ಇನ್ನೂ ಎಳೆಯದು, ಸುಮಾರು 1 ಕೋಟಿ ವರ್ಷದ್ದು. ದುಂದುಗಾರಿಕೆಯಿಂದ ಆಗಲೇ ಕೊನೆಗಾಲಕ್ಕೆ ಬಂದಿದೆ. ರಾಮನಗರದ ಬೆಟ್ಟಗಳ ಶಿಲೆ ಕರಗಿ ಹೆಪ್ಪುಗಟ್ಟಿದಾಗ ಆಕಾಶದಲ್ಲಿ ಲುಬ್ಧಕವೂ ಇರಲಿಲ್ಲ, ಆರಿದ್ರೆಯೂ ಇರಲಿಲ್ಲ. ಸೂರ್ಯನಿದ್ದನು, ಆಗಲೇ ಅವನಿಗೆ ಸುಮಾರು 200 ಕೋಟಿ ವರ್ಷ ವಯಸ್ಸಾಗಿತ್ತು.